ಲೈನು ಹೆಣ್ಣಾಯಿತು

ಹೆಬ್ಬಗೋಡಿ
4 ಫೆಬ್ರವರಿ 2024

ದೇವಕ್ಕ ಅಕ್ಕೋರಿಗೆ ಮಹಾನಂದಾಳ ನಮಸ್ಕಾರಗಳು.

ನಿಮ್ಮ ಕಿವಿ ಹೇಗಿದೆ ಅಂತ ಕೇಳುವುದಿಲ್ಲ, ಕೇಳಿದರೆ ಸಿಟ್ಟಾಗುತ್ತೀರಿ. ಫೋನಿನಲ್ಲಿ ನಿಮ್ಮ ಜೊತೆ ಮಾತಾಡಲಿಕ್ಕೆ ಆಗದೆ ನನಗೆ ಕಾಗದ ಬರೆಯುವ ರೂಢಿ ಉಳಿದುಕೊಂಡಿತು. ಪೆನ್ನು ಹಿಡಿದು ಕೂತರೆ ರೂಮಿನ ಹುಡುಗಿಯರು ನಗುತ್ತಾರೆ. ತಾವರಗೇರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಅಕ್ಕೋರಿಗೆ ಬರೆಯುತ್ತಿದ್ದೇನೆ ಅಂದರೆ ಯಾರೂ ನಂಬುವುದಿಲ್ಲ.

ಒಂದು ಶಬ್ದದ ಅರ್ಥ ಬೇಕಾಗಿತ್ತು. ನಿನ್ನೆ ಕಂಪನಿಯಲ್ಲಿ ದೊಡ್ಡ ಕಾರ್ಯಕ್ರಮ ಇತ್ತು. ಕರೆಂಟ್ ಮೀಟರಿನ ಬೋರ್ಡುಗಳಿಗೆ ನಾವು ಬೆಸುಗೆ ಹಾಕುವ ಹಾಲಿನ ತುಂಬ ಗುಲಾಬಿ ಬಲೂನು ಕಟ್ಟಿದ್ದರು. ಎಚ್‌ಆರ್ ಮ್ಯಾನೇಜರ್ ಹರ್ಷವರ್ಧನ್ ಸರ್ ಮೈಕ್ ಹಿಡಿದು, ಇನ್ನು ಮೇಲೆ ಈ ಲೈನ್ ಪೂರ್ತಿ ಹೆಣ್ಣುಮಕ್ಕಳದು ಅಂದರು. ಹಿಂದಿನ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಇಂಗ್ಲಿಷ್ ಶಬ್ದ. ಅವರೂ ಅದನ್ನೇ ಮತ್ತೆ ಮತ್ತೆ ಹೇಳಿದರು, ಫೆಮಿನೈಸೇಶನ್ ಅಂತ. ಹೇಳಿದಾಗೆಲ್ಲ ಚಪ್ಪಾಳೆ. ನಾನೂ ಹೊಡೆದೆ. ಆಮೇಲೆ ಕೇಕು ಕತ್ತರಿಸಿದರು.

ನನ್ನನ್ನು ಲೈನ್ ಲೀಡರ್ ಮಾಡಿದ್ದಾರೆ. ಮೊದಲು ಆ ಜಾಗದಲ್ಲಿ ಗಂಗಾವತಿ ಕಡೆಯ ಅಮರಪ್ಪಣ್ಣ ಇದ್ದ. ನನಗೆ ಬೆಸುಗೆ ಕಡ್ಡಿ ಹಿಡಿಯಲು ಕಲಿಸಿದವನು ಅವನೇ. ಅವನನ್ನೂ ಉಳಿದ ಗಂಡಸರನ್ನೂ ಬೇರೆ ಕಡೆ ಹಾಕಿದ್ದಾರಂತೆ.

ಪಕ್ಕದ ಹುಡುಗಿ ಹಾಗೆಂದರೇನು ಅಂತ ಕೇಳಿದಳು. ಲೀಡರ್ ಆದವಳಿಗೆ ಗೊತ್ತಿಲ್ಲ ಅಂದರೆ ಹೇಗೆ, ಅದಕ್ಕೇ ನಿಮಗೆ ಬರೆದೆ.

ನಿಮ್ಮ
ಮಹಾನಂದಾ


ತಾವರಗೇರಿ
13 ಫೆಬ್ರವರಿ 2024

ಚಿ. ಮಹಾನಂದಾಳಿಗೆ ಆಶೀರ್ವಾದಗಳು.

ರೊಟ್ಟಿ ಬಡಿಯುತ್ತಿದ್ದೆ, ಹಿಟ್ಟಿನ ಕೈಯಲ್ಲೇ ನಿನ್ನ ಕಾಗದ ಓದಿದೆ. ತವೆಯ ಮೇಲಿನ ರೊಟ್ಟಿ ಕರಕಾಯಿತು. ಆಗಲಿ ಬಿಡು. ನನ್ನ ಕೈಯಲ್ಲಿ ಕಲಿತ ಹುಡುಗಿ ಬೆಂಗಳೂರಿನ ಕಾರ್ಖಾನೆಯಲ್ಲಿ ಲೀಡರ್ ಆಗಿದ್ದಾಳೆ ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದೆ.

ನಿನ್ನ ಶಬ್ದಕ್ಕೆ ಬರುತ್ತೇನೆ. ಫೆಮಿನೈಸ್ ಎಂದರೆ ಹೆಣ್ಣಾಗಿಸು, ಹೆಣ್ಣುತನ ತರು. ಫೆಮಿನೈಸೇಶನ್ ಎಂದರೆ ಹೆಣ್ಣಾಗಿಸುವಿಕೆ, ಹೆಣ್ಣಾಗುವಿಕೆ. ಫೆಮಿನೈಸ್ ಎಂಬುದು ಹದಿನೇಳನೆಯ ಶತಮಾನದಿಂದ ಇಂಗ್ಲಿಷಿನಲ್ಲಿದೆ. ಅದರ ಬೇರು ಲ್ಯಾಟಿನ್ ಭಾಷೆಯ ಫೆಮಿನಾ, ಅಂದರೆ ಹೆಂಗಸು. ಆ ಫೆಮಿನಾವನ್ನೂ ಅಗೆದು ನೋಡಿದರೆ ಸಿಗುವ ಅರ್ಥ ಯಾವುದು ಗೊತ್ತೇ? ಹಾಲೂಡಿಸುವವಳು. ನಮ್ಮ ಧೇನು ಎಂಬ ಶಬ್ದವೂ ಅದೇ ಬೇರಿನಿಂದ ಚಿಗುರಿದ್ದು ಎನ್ನುತ್ತಾರೆ ಭಾಷೆ ಬಲ್ಲವರು.

ಒಂದು ಕಾಲಕ್ಕೆ ಯೂರೋಪಿನ ಕೆಲವು ಪಾದ್ರಿಗಳು ಈ ಶಬ್ದವನ್ನು ಎರಡು ತುಂಡು ಮಾಡಿ, ಫೆ ಎಂದರೆ ನಂಬಿಕೆ, ಮಿನುಸ್ ಎಂದರೆ ಕಡಿಮೆ, ಆದ್ದರಿಂದ ಹೆಂಗಸೆಂದರೆ ನಂಬಿಕೆ ಕಡಿಮೆ ಇರುವವಳು ಎಂದು ಅರ್ಥ ಹಚ್ಚಿದ್ದರಂತೆ. ಶುದ್ಧ ಸುಳ್ಳು. ಹಾಲು ಕುಡಿಸಿದವಳಿಗೇ ಹೀಗೆ ಹೆಸರಿಟ್ಟರು ನೋಡು.

ನಿನ್ನ ಕಂಪನಿಯವರು ಆ ಶಬ್ದವನ್ನು ಪರದೆಯ ಮೇಲೆ ಬರೆಸಿ ಕೇಕು ಹಂಚಿದ್ದಾರೆ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದು ಸಾರ್ಥಕ ಅನ್ನಿಸಿತು. ಅವರಿಗೆ ನನ್ನ ಕಡೆಯಿಂದ ಕೃತಜ್ಞತೆ ಹೇಳು.

ನಿನಗೊಂದು ಸಂತೋಷದ ಸುದ್ದಿ ಕಾದಿದೆ. ಈಗ ಹೇಳಲಾರೆ, ತಾನೇ ಬಂದು ನಿನ್ನ ಮುಂದೆ ನಿಲ್ಲುತ್ತದೆ.

ದೇವಕ್ಕ


ಹೆಬ್ಬಗೋಡಿ
25 ಫೆಬ್ರವರಿ 2024

ಅಕ್ಕೋರೆ,

ನಿಮ್ಮ ಕಾಗದವನ್ನು ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಹಾಲೂಡಿಸುವವಳು ಅನ್ನುವಲ್ಲಿಗೆ ಬಂದಾಗ ಚನ್ನಕ್ಕ ಎದ್ದು ಹೊರಗೆ ಹೋದಳು.

ಚನ್ನಕ್ಕ ನಮ್ಮ ಪಕ್ಕದ ರೂಮಿನವಳು, ಯಾದಗಿರಿ ಕಡೆಯವಳು. ಗಂಡ ಮುತ್ತಣ್ಣ ಸರ್ಜಾಪುರದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಮಗಳಿನ್ನೂ ಅಂಬೆಗಾಲು ಇಟ್ಟಿಲ್ಲ. ಕೆಲಸಕ್ಕೆ ಸೇರುವಾಗ ಕಂಟ್ರಾಕ್ಟರ್ ಕಡೆಯ ಪಂಚಾಕ್ಷರಿ ಆಕೆಗೆ, ಸಣ್ಣ ಮಕ್ಕಳಿದ್ದಾವೆ ಅಂತ ಬಾಯಿ ಬಿಡಬೇಡ, ಬಿಟ್ಟರೆ ತಗೊಳ್ಳುವುದಿಲ್ಲ ಅಂದನಂತೆ. ಆಕೆ ಬಿಡಲಿಲ್ಲ. ಈಗ ಕೂಸು ದಿನವಿಡೀ ನಮ್ಮ ಮನೆ ಓನರ್ ಕೃಷ್ಣಮ್ಮನ ಹತ್ತಿರ ಇರುತ್ತದೆ. ಚನ್ನಕ್ಕನಿಗೆ ಎದೆ ಕಟ್ಟಿ ಕಲ್ಲಾಗುತ್ತದೆ. ಊಟದ ಹೊತ್ತಿನಲ್ಲಿ ಬಾತ್‌ರೂಮಿಗೆ ಹೋಗಿ, ಕೈ ತೊಳೆಯುವ ಬೇಸಿನ್ನಿಗೆ ಹಾಲು ಹಿಂಡಿ, ನಲ್ಲಿ ಬಿಡುತ್ತಾಳೆ. ಯಾರೂ ಬರದ ಹಾಗೆ ನಾನು ಬಾಗಿಲಲ್ಲಿ ನಿಲ್ಲುತ್ತೇನೆ. ನೀರಿನ ಜೊತೆ ಬೆಳ್ಳಗೆ ಹರಿದು ಹೋಗುತ್ತದೆ. ಆಕೆ ಅದನ್ನು ನೋಡುವುದಿಲ್ಲ, ಗೋಡೆ ನೋಡುತ್ತಿರುತ್ತಾಳೆ.

ಹೋದ ಕಾಗದದಲ್ಲಿ ಪೂರ್ತಿ ಬರೆಯಲಿಲ್ಲ, ನೀವು ಸಂತೋಷಪಡಲಿ ಅಂತ. ಗಂಡಸರು ಇದ್ದಾಗ ಲೈನಿನಲ್ಲಿ ಕೂರುವುದಕ್ಕೆ ಸ್ಟೂಲಿದ್ದವು. ಬಲೂನು ಕಟ್ಟಿದ ಮರುದಿನ ಸ್ಟೂಲು ಎತ್ತಿಸಿದರು, ನಿಂತರೆ ಕೆಲಸ ಚುರುಕಾಗುತ್ತದಂತೆ. ಅಮರಪ್ಪಣ್ಣನ ಬ್ಯಾಡ್ಜಿನ ಮೇಲೆ ಟೆಕ್ನಿಷಿಯನ್ ಅಂತಿತ್ತು. ಅದೇ ಮಶೀನು, ಅದೇ ಬೋರ್ಡು, ಅದೇ ಬೆಸುಗೆ, ನಮ್ಮ ಬ್ಯಾಡ್ಜಿನ ಮೇಲೆ ಹೆಲ್ಪರ್ ಅಂತಿದೆ. ಹೆಲ್ಪರ್ ಅಂದಮೇಲೆ ಸಂಬಳವೂ ಹೆಲ್ಪರಿನದೇ. ನಾನು ಐಟಿಐ ಮಾಡಿದವಳು, ನನ್ನದೂ ಹೆಲ್ಪರ್. ಯಾರಿಗೆ ಹೆಲ್ಪು ಅಂತ ಕೇಳಿದರೆ ಹೇಳುವವರಿಲ್ಲ, ಲೈನಿನಲ್ಲಿ ಬೇರೆ ಯಾರೂ ಇಲ್ಲ. ಬೇರೆ ಕಡೆ ಹಾಕಿದ್ದಾರೆ ಅಂದೆನಲ್ಲ, ಅಮರಪ್ಪಣ್ಣನನ್ನು ಲಾರಿಗೆ ಮಾಲು ತುಂಬಲು ಹಾಕಿದ್ದರು. ಮೂರ್ನಾಲ್ಕು ದಿನ ನೋಡಿ ಬಿಟ್ಟು ಹೋದ.

ನಿಮ್ಮ ಡಿಕ್ಷನರಿಯಲ್ಲಿ ಆ ಶಬ್ದ ಬಳಸಿ ವಾಕ್ಯ ಕೊಟ್ಟಿರುತ್ತಾರಲ್ಲ, ಅವನ್ನು ಬರೆದು ಕಳಿಸಿ. ಶಬ್ದದ ಬೇರಿನಲ್ಲಿ ಏನಿದೆ ಅಂತ ಗೊತ್ತಾಯಿತು. ಈಗ ಹೇಗೆ ನಡೆಸುತ್ತಿದ್ದಾರೆ ಅಂತ ಗೊತ್ತಾಗಬೇಕು.

ಮಹಾನಂದಾ


ತಾವರಗೇರಿ
5 ಮಾರ್ಚ್ 2024

ಚಿ. ಮಹಾನಂದಾಳಿಗೆ,

ಆ ಹೆಣ್ಣುಮಗಳ ಸಂಕಟವನ್ನು ಎರಡು ಸಲ ಓದಿದೆ. ಆದರೆ ಮಗಳೇ, ಹೊಸ ಜಾಗದಲ್ಲಿ ಮೊದಲು ಕಾಲಿಟ್ಟವರಿಗೆ ಮುಳ್ಳು ಹೆಚ್ಚು. ನನ್ನ ಮಗಳು ಕೈಕೂಸಾಗಿದ್ದಾಗ ನನ್ನ ಶಾಲೆ ಎರಡು ಊರು ಆಚೆ ಇತ್ತು. ಪಾಠ ಹೇಳುವಾಗ ಸೆರಗು ಒದ್ದೆಯಾಗುತ್ತಿತ್ತು. ಹಾಜರಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು ಪಾಠ ಮುಗಿಸುತ್ತಿದ್ದೆ. ಹುಡುಗರು ಅಕ್ಕೋರಿಗೆ ಆ ಪುಸ್ತಕದ ಮೇಲೆ ಬಹಳ ಪ್ರೀತಿ ಎಂದುಕೊಂಡಿದ್ದರು. ನಾವು ಸಹಿಸಿದೆವು, ಅದಕ್ಕೆ ನೀವು ಮುಂದೆ ಬಂದಿರಿ. ನೀವೂ ಸ್ವಲ್ಪ ತಾಳಿಕೊಂಡರೆ ನಿಮ್ಮ ಹಿಂದೆ ಬರುವವರಿಗೆ ದಾರಿಯಾಗುತ್ತದೆ.

ನೀನು ಕೇಳಿದ ವಾಕ್ಯಗಳು. ಒಂದರಲ್ಲಿ, ಕಾರ್ಖಾನೆಯ ಕೊಳಕು ನೀರು ಸೇರಿ ನದಿಯ ಗಂಡು ಮೀನುಗಳು ಹೆಣ್ಣಾದವು ಎಂದಿದೆ. ಇನ್ನೊಂದರಲ್ಲಿ, ಯಾವುದೋ ಸೈನ್ಯ ಸುಖಕ್ಕೆ ಬಿದ್ದು ಹೆಣ್ಣಾಗಿ ಸೋತಿತು ಎಂದಿದೆ. ಮೂರನೆಯದರಲ್ಲಿ, ಬಡತನ ಹೆಣ್ಣಾಗುತ್ತಿದೆ ಎಂದಿದೆ, ಬಡವರಲ್ಲಿ ಹೆಂಗಸರೇ ಹೆಚ್ಚುತ್ತಿದ್ದಾರೆ ಎಂಬ ಅರ್ಥದಲ್ಲಿ. ಒಳ್ಳೆಯ ಉದಾಹರಣೆಯೂ ಇದ್ದೀತು, ನನ್ನ ಡಿಕ್ಷನರಿ ಹಳೆಯದು.

ಸಂತೋಷದ ಸುದ್ದಿ ಹೊರಟಿದೆ. ಕಂಡಾಗ ಬರೆ.

ದೇವಕ್ಕ


ಹೆಬ್ಬಗೋಡಿ
17 ಮಾರ್ಚ್ 2024

ದೇವಕ್ಕ ಅವರಿಗೆ,

ನಿಮ್ಮ ಸಂತೋಷದ ಸುದ್ದಿ ಬಂದು ತಲುಪಿತು.

ಇವತ್ತು ಬೆಳಿಗ್ಗೆ ನಮ್ಮ ಓಣಿಯ ತುದಿಯಲ್ಲಿರುವ ಕಂಪನಿ ಹಾಸ್ಟೆಲಿನ ಮುಂದೆ ಒಂದು ಬಸ್ಸು ನಿಂತಿತ್ತು. ಅದರಿಂದ ನಮ್ಮ ಕಡೆಯ ಹುಡುಗಿಯರು ಇಳಿದರು. ರೊಟ್ಟಿ ಬುತ್ತಿ, ಚಟ್ನಿಪುಡಿ ಡಬ್ಬಿ, ಚೀಲ. ಒಬ್ಬಾಕೆ ಮಾತು ಕೇಳಿ, ಯಾವೂರವ್ವ ನಿಂದು ಅಂದೆ. ಹೆಸರು ಹುಲಿಗೆಮ್ಮ, ಮೆಣೇಧಾಳದವಳು.

"ದೇವಕ್ಕ ಅಕ್ಕೋರು ಕಳಿಸ್ಯಾರ್ರಿ," ಅಂದಳು. "ಮನಿಮನಿಗೆ ಬಂದು ನಮ್ಮಪ್ಪಗ ಹೇಳಿದ್ರು. ಅಲ್ಲಿ ಹೆಣ್ಣುಮಕ್ಕಳಿಗೆ ಭಾಳ ಮರ್ಯಾದಿ ಐತಿ, ನಮ್ಮ ಮಹಾನಂದಾ ಲೀಡರ್ ಆಗ್ಯಾಳ ಅಂದ್ರು. ಅದಕ್ಕ ಅಪ್ಪ ಹೂಂ ಅಂದ."

ಪಂಚಾಕ್ಷರಿ ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದ. ನನ್ನನ್ನು ನೋಡಿ, ನಿಮ್ಮ ಟೀಚರ್ ಸಹಾಯ ಇಲ್ಲದಿದ್ದರೆ ಒಂದು ಸೀಟೂ ತುಂಬುತ್ತಿರಲಿಲ್ಲ ಅಂದ.

ಚನ್ನಕ್ಕನ ವಿಷಯ ಬರೆದಾಗಲೂ ನೀವು ಮನೆಮನೆ ತಿರುಗುತ್ತಿದ್ದಿರಿ. ಸ್ಟೂಲು ಎತ್ತಿದ್ದು ಓದಿದ ಮೇಲೂ ತಿರುಗಿದಿರಿ. ನನಗೆ ತಾಳಿಕೋ ಅಂತ ಯಾಕೆ ಬರೆದಿರಿ ಅಂತ ಈಗ ತಿಳಿಯಿತು. ನಾನು ತಾಳದಿದ್ದರೆ ನಿಮ್ಮ ಬಸ್ಸು ನಿಲ್ಲುತ್ತಿತ್ತು. ನಿಮಗೆ ಆ ಶಬ್ದದ ಬೇರು ಗೊತ್ತು, ಡಿಕ್ಷನರಿಯ ಮೂರು ವಾಕ್ಯವೂ ಗೊತ್ತು. ಮೀನಿಗೆ ರೋಗ, ಸೈನ್ಯಕ್ಕೆ ಸೋಲು, ಉಳಿದದ್ದು ಬಡತನ. ಇಂಗ್ಲಿಷಿನಲ್ಲಿ ಯಾವುದೇ ಹೆಣ್ಣಾದರೂ ಕಡಿಮೆಯಾಯಿತು ಅಂತಲೇ ಅರ್ಥ, ಇಲ್ಲಿಯೂ ಅಷ್ಟೇ. ಲೈನು ಹೆಣ್ಣಾಯಿತು, ಅದಕ್ಕೇ ಸ್ಟೂಲು ಹೋಯಿತು, ಸಂಬಳ ಇಳಿಯಿತು. ಇದನ್ನು ಕೈಯಲ್ಲಿ ಬರೆದು ಕಳಿಸಿದವರು ನೀವೇ. ಬರೆದು ಅಂಚೆಗೆ ಹಾಕಿ, ಆ ಹುಡುಗಿಯರನ್ನು ಬಸ್ಸಿಗೆ ಹತ್ತಿಸಿದಿರಿ.

ಇದಕ್ಕೆ ಉತ್ತರ ಬರೆಯಲೇಬೇಕು ಅಂತೇನೂ ಇಲ್ಲ.

ಮಹಾನಂದಾ


ಹೆಬ್ಬಗೋಡಿ
2 ಏಪ್ರಿಲ್ 2024

ಅಕ್ಕೋರೆ,

ನೀವು ಬರೆಯಲಿಲ್ಲ. ನಾನೇ ಬೇಡ ಅಂದಿದ್ದೆ. ಆದರೂ ಪೋಸ್ಟ್‌ಮ್ಯಾನ್ ಓಣಿಗೆ ಬಂದಾಗೆಲ್ಲ ನೋಡಿದೆ. ಸಿಟ್ಟು ಇಳಿದಿಲ್ಲ. ಆದರೆ ಇಲ್ಲಿ ನಡೆದದ್ದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ.

ಹೋದ ವಾರ ಹೊರದೇಶದ ಗಿರಾಕಿಗಳು ಫ್ಯಾಕ್ಟರಿ ನೋಡಲು ಬಂದಿದ್ದರು. ಊಟದ ಹೊತ್ತಿಗೂ ಯಾರನ್ನೂ ಬಿಡಲಿಲ್ಲ, ಅವರು ಬಂದಾಗ ಲೈನ್ ತುಂಬಿರಬೇಕು ಅಂತ. ಚನ್ನಕ್ಕ ಬಾತ್‌ರೂಮಿಗೆ ಹೋಗಲಿಕ್ಕೆ ಆಗಲಿಲ್ಲ. ನಾನು ಹೋಗಿ ಫ್ಲೋರ್ ಮ್ಯಾನೇಜರ್ ಗುರುರಾಜ್ ಹತ್ತಿರ ಕೇಳಿದೆ. ಅವರು ಹೋಗಲಿ ತಡಿಯಮ್ಮ ಅಂದ.

ಹರ್ಷವರ್ಧನ್ ಸರ್ ಅವರನ್ನು ಕರೆದುಕೊಂಡು ಬಂದು, ನಮ್ಮ ಮುಂದೆಯೇ ಮತ್ತೆ ಆ ಶಬ್ದ ಹೇಳಿದರು. ಅವರಲ್ಲಿ ಒಬ್ಬ ಹೆಂಗಸು ಚನ್ನಕ್ಕನ ಮುಂದೆ ನಿಂತು ನಕ್ಕಳು. ಆಮೇಲೆ ಆಕೆಯ ಕಣ್ಣು ಕೆಳಗೆ ಇಳಿಯಿತು. ಚನ್ನಕ್ಕನ ನೀಲಿ ಕೋಟು ಎದೆಯ ಎರಡೂ ಕಡೆ ಒದ್ದೆಯಾಗಿತ್ತು.

ಗಿರಾಕಿಗಳು ಮುಂದೆ ಹೋಗುವುದನ್ನೇ ಕಾಯುತ್ತಿದ್ದ ಗುರುರಾಜ್. ಬಂದವನೇ ಮೂಗು ಮುಚ್ಚಿಕೊಂಡು, ಏನಿದು ವಾಸನೆ, ಬೋರ್ಡಿಗೆ ತೇವ ತಾಗಿದರೆ ಯಾರು ಹೊಣೆ ಅಂದ. ಮಗು ಇದೆ ಅಂತ ಯಾಕೆ ಹೇಳಲಿಲ್ಲ, ಸುಳ್ಳು ಹೇಳಿ ಸೇರಿದ್ದೀಯ ಅಂದ. ಚನ್ನಕ್ಕ ತಲೆ ತಗ್ಗಿಸಿ ಕೈಗಳನ್ನು ಎದೆಗೆ ಅಡ್ಡ ಇಟ್ಟುಕೊಂಡಳು. ಅವನು ಬ್ಯಾಡ್ಜ್ ಬಿಚ್ಚು ಅಂದ. ನನ್ನ ಕಡೆ ತಿರುಗಿ, "ನೀನು ಲೀಡರ್ ತಾನೇ, ಹೊರಗೆ ಬಿಟ್ಟು ಬಾ" ಅಂದ.

ನಾನು ಸ್ವಿಚ್ ಆಫ್ ಮಾಡಿ ಬೆಸುಗೆ ಕಡ್ಡಿ ಸ್ಟ್ಯಾಂಡಿಗೆ ಇಟ್ಟೆ. ಒಬ್ಬಳೇ ನಿಂತೆ ಅಂದುಕೊಂಡಿದ್ದೆ. ಹಿಂದೆ ಟಕ್ ಟಕ್ ಅಂತ ಸ್ವಿಚ್ಚುಗಳ ಸದ್ದು ಬಂತು. ತಿರುಗಿ ನೋಡಿದರೆ ಹುಲಿಗೆಮ್ಮ, ಆಕೆಯ ಪಕ್ಕದವಳು, ಅವಳ ಪಕ್ಕದವಳು. ಮೊದಲು ಆರಿಸಿದವರು ನಿಮ್ಮ ಬಸ್ಸಿನಲ್ಲಿ ಬಂದವರು ಅಕ್ಕೋರೆ. ವರ್ಷಗಟ್ಟಲೆ ಇದ್ದ ನಾವು ಸಂಬಳದ ಲೆಕ್ಕ ಹಾಕುತ್ತಿರುವಾಗ, ಇನ್ನೂ ಮೊದಲ ಸಂಬಳವನ್ನೇ ನೋಡದವರು ಆರಿಸಿದರು. ಆಮೇಲೆ ಇಡೀ ಲೈನು ನಿಂತಿತು.

ಎಲ್ಲರೂ ನೆಲದ ಮೇಲೆ ಕೂತೆವು. ಸ್ಟೂಲು ಹೇಗೂ ಇರಲಿಲ್ಲ.

ಹರ್ಷವರ್ಧನ್ ಸರ್ ಓಡಿ ಬಂದು ಕನ್ನಡದಲ್ಲಿ ಮಾತಾಡಿದರು, ನನಗೆ ನೆನಪಿರುವ ಹಾಗೆ ಅದೇ ಮೊದಲು. ಚನ್ನಕ್ಕ ಕಂಪನಿಯವಳಲ್ಲ, ಕಂಟ್ರಾಕ್ಟರಿನವಳು, ಅದು ಅವರವರ ಮಧ್ಯದ ವಿಷಯ ಅಂದರು. ಪಂಚಾಕ್ಷರಿಗೆ ಫೋನ್ ಮಾಡಿದರೆ, ಆಕೆ ಮಗು ಮುಚ್ಚಿಟ್ಟಳು, ತಪ್ಪು ಆಕೆಯದು ಅಂದ. ಮುಚ್ಚಿಡು ಅಂದವನೇ ಅವನು.

ಹೊತ್ತು ಇಳಿಯುತ್ತ ಬಂತು. ಗೇಟಿನಲ್ಲಿ ಗಲಾಟೆ ಅಂತ ಯಾರೋ ಬಂದು ಹೇಳಿದರು. ಕೃಷ್ಣಮ್ಮ ಕೂಸನ್ನು ಎತ್ತಿಕೊಂಡು ಬಂದಿದ್ದಳು, ಅದು ಬಾಟಲಿ ಹಿಡಿಯದೆ ಅತ್ತು ಅತ್ತು ನೀಲಿಗಟ್ಟಿತ್ತಂತೆ. ಸೆಕ್ಯುರಿಟಿಯವನು ಒಳಗೆ ಬಿಡಲಿಲ್ಲ, ಮಕ್ಕಳಿಗೆ ಪ್ರವೇಶ ಇಲ್ಲ, ಹೈಜೀನು ಅಂದ. ಕೃಷ್ಣಮ್ಮ ಮೂರು ಸಾಲು ರೂಮು ಕಟ್ಟಿಸಿರುವ ಓನರ್, ಬಾಡಿಗೆ ಒಂದು ದಿನ ತಡವಾದರೆ ನಮ್ಮ ನೀರು ನಿಲ್ಲಿಸುವವಳು. ಅವಳು ಗೇಟಿನ ಸರಳು ಹಿಡಿದು ಅಂದಳಂತೆ:

"ಈ ಗೇಟು ನಿಂತೈತಲ್ಲಪ್ಪ, ಇದು ನಮ್ಮ ರಾಗಿ ಹೊಲ. ನಮ್ಮತ್ತೆ ಇಲ್ಲೇ ಕುಯ್ಲು ಮಾಡ್ತಾ ಮಾಡ್ತಾ ಕುಡುಗೋಲು ಕೆಳಗಿಟ್ಟು ಮಗೀಗೆ ಹಾಲು ಕೊಡ್ತಿದ್ಲು. ಯಾವ ನನ್ಮಗನೂ ವಾಸ್ನೆ ಅನ್ನಲಿಲ್ಲ. ಅಂಗೆ ಬೆಳೆದ ರಾಗಿ ಉಂಡ್ಕೊಂಡೇ ನಿಮ್ಮೂರೆಲ್ಲ ಬದುಕಿದ್ದು. ಬಾಗಿಲು ತೆಗೀತೀಯೋ, ಇಲ್ಲಾ ಊರೋರನ್ನ ಕರೀಲೋ?"

ಅವನು ತೆಗೆಯಲಿಲ್ಲ. ಚನ್ನಕ್ಕ ತಾನೇ ಎದ್ದು ಹೊರಗೆ ನಡೆದಳು, ನಾವೆಲ್ಲ ಹಿಂದೆ ಹೋದೆವು. ಗೇಟಿನ ಪಕ್ಕ, ಲಾರಿಗಳು ನಿಲ್ಲುವ ಜಾಗದಲ್ಲಿ ಆಕೆ ಕೂತು ಕೂಸನ್ನು ಎದೆಗೆ ಹಾಕಿಕೊಂಡಳು. ನಾವು ಸುತ್ತ ಬೆನ್ನು ಮಾಡಿ ನಿಂತೆವು. ಗಿರಾಕಿಗಳ ಕಾರು ಹೊರಡಲು ಅದೇ ದಾರಿ. ಕಾರು ನಿಂತಿತು. ಹಾರ್ನ್ ಹೊಡೆದರು. ಕೂಸು ಕುಡಿದು ಮುಗಿಸುವ ತನಕ ಯಾರೂ ಸರಿಯಲಿಲ್ಲ.

ಹೆಬ್ಬಗೋಡಿಯಲ್ಲಿ ವನಜಾ ಅಂತ ಒಬ್ಬ ವಕೀಲರಿದ್ದಾರೆ. ಅವರ ಹತ್ತಿರ ಹೋಗಿ ಬಂದೆವು. ಮಗುವಿಗೆ ಹದಿನೈದು ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು ಅಂತ ಕಾನೂನೇ ಇದೆಯಂತೆ. ಅದು ಯಾರೋ ಕೊಡುವ ದಾನ ಅಲ್ಲವಂತೆ. ಲೇಬರ್ ಆಫೀಸಿಗೆ ಅರ್ಜಿ ಕೊಟ್ಟಿದ್ದೇವೆ.

ನೀವು ಹಾಜರಿ ಪುಸ್ತಕ ಎದೆಗೆ ಒತ್ತಿಕೊಂಡು ನಿಂತಿದ್ದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು, ನಿಮ್ಮ ಮೇಲೆ. ಈಗ ಬೇರೆಯವರ ಮೇಲೆ ಬರುತ್ತದೆ. ಆ ಶಾಲೆಯಲ್ಲಿ ಹೆಡ್‌ಮಾಸ್ಟರ್ ಇದ್ದನಲ್ಲ, ಅವನಿಗೆ ಕಾಣಲಿಲ್ಲವೇ?

ಮಹಾನಂದಾ


ತಾವರಗೇರಿ
11 ಏಪ್ರಿಲ್ 2024

ಮಹಾನಂದಾ,

ನಿನ್ನ ಮಾರ್ಚ್ ತಿಂಗಳ ಕಾಗದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಪ್ರತಿ ಸಲವೂ ನನ್ನನ್ನು ನಾನು ಸಮರ್ಥಿಸಿಕೊಂಡಿದ್ದೆ. ಐದನೆಯದು ಬರೆಯಲು ಕೂತಾಗ ನಿನ್ನ ಏಪ್ರಿಲ್ ತಿಂಗಳ ಕಾಗದ ಬಂತು.

ಹೆಡ್‌ಮಾಸ್ಟರರಿಗೆ ಕಂಡಿತ್ತು. ಪುಸ್ತಕ ಹೀಗೆ ಹಿಡಿಯಿರಿ ಅಕ್ಕೋರೆ ಎಂದು ತೋರಿಸಿಕೊಟ್ಟವರೇ ಅವರು. ಅದನ್ನು ಅವರ ದೊಡ್ಡತನ ಎಂದು ಇಲ್ಲಿಯ ತನಕ ನಂಬಿದ್ದೆ. ನೀನು ಕೇಳಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಒಂದು ಕೋಣೆ ಬಿಟ್ಟುಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನಾನೂ ಕೇಳಲಿಲ್ಲ. ಕೇಳಬಹುದು ಎಂಬುದೇ ನನಗೆ ತಿಳಿದಿರಲಿಲ್ಲ, ಎಂಎ ಓದಿದ್ದೆ.

ಪಂಚಾಕ್ಷರಿ ಮೊನ್ನೆ ಎರಡನೆಯ ಬಸ್ಸು ತಂದಿದ್ದ. ಹನುಮಪ್ಪನ ಗುಡಿಯ ಮುಂದೆ ತಂದೆತಾಯಂದಿರನ್ನು ಸೇರಿಸಿ ನನ್ನನ್ನು ಮಾತಾಡಲು ಕರೆದ. ಶಾಲು ಹೊದಿಸಿದ. ನಾನು ಮೈಕ್ ಹಿಡಿದು ನಿನ್ನ ಏಪ್ರಿಲ್ ಕಾಗದವನ್ನು ಮೊದಲಿನಿಂದ ಕೊನೆಯ ತನಕ ಓದಿದೆ. ನಡುವೆ ಅವನು ಮೈಕಿನ ವೈರು ಕಿತ್ತ. ನಾನು ತರಗತಿಯಲ್ಲಿ ಮಾತಾಡಿದವಳು, ನನಗೆ ಮೈಕು ಬೇಕಿಲ್ಲ. ಓದಿ ಮುಗಿಸಿ, ಯಾರೂ ಮಕ್ಕಳನ್ನು ಕಳಿಸಬೇಡಿ ಎಂದೆ. ಶಾಲನ್ನು ಅವನ ಹೆಗಲಿಗೇ ಹಾಕಿ ಕೆಳಗಿಳಿದೆ.

ಬಸ್ಸು ಖಾಲಿ ಹೋಯಿತು. ನೀನು ಇಲ್ಲಿ ಇರಬೇಕಾಗಿತ್ತು.

ದೇವಕ್ಕ


ಹೆಬ್ಬಗೋಡಿ
22 ಏಪ್ರಿಲ್ 2024

ಅಕ್ಕೋರೆ,

ನೀವು ಶಾಲು ವಾಪಸು ಹಾಕಿದ್ದನ್ನು ಓದಿ ಚನ್ನಕ್ಕ ಎಷ್ಟೋ ದಿನಗಳ ಮೇಲೆ ನಕ್ಕಳು. ಆದರೆ ಬಸ್ಸು ಖಾಲಿ ಹೋಯಿತು ಅಂತ ಓದಿದಾಗ ಹುಲಿಗೆಮ್ಮ ಅಳಲಿಕ್ಕೆ ಹತ್ತಿದಳು. ಆಕೆಯ ತಂಗಿ ಆ ಬಸ್ಸಿಗೆ ಬರಬೇಕಾಗಿತ್ತು. ಈಗ ಬರದಿದ್ದರೆ ಮುಂದಿನ ತಿಂಗಳು ಸೋದರಮಾವನಿಗೆ ಕಟ್ಟುತ್ತಾರಂತೆ. ಹುಡುಗಿಗೆ ಹತ್ತೊಂಬತ್ತು, ಮಾವನಿಗೆ ನಲವತ್ತರ ಹತ್ತಿರ.

ಹೋಗಿ ಅಂತ ಮನೆಮನೆಗೆ ಹೇಳಿದಿರಿ, ಹೋಗಬೇಡಿ ಅಂತ ಗುಡಿಯ ಮುಂದೆ ಹೇಳಿದಿರಿ. ಎರಡು ಸಲವೂ ಅಪ್ಪಂದಿರಿಗೇ ಹೇಳಿದಿರಿ. ಆ ಹುಡುಗಿಯರನ್ನು ಒಂದು ಮಾತು ಕೇಳಿದಿರಾ?

ಇಲ್ಲಿ ಕೆಲಸ ಕೆಟ್ಟದ್ದು ಅಂತ ನಾನು ಯಾವತ್ತೂ ಬರೆದಿಲ್ಲ. ಬೋರ್ಡಿಗೆ ಬೆಸುಗೆ ಹಾಕುವುದು ನನಗೆ ಇಷ್ಟ. ತಿಂಗಳ ಕೊನೆಗೆ ನನ್ನದೇ ಸಂಬಳ, ನನ್ನದೇ ರೂಮಿನ ಬೀಗ. ಕೆಟ್ಟದ್ದು ಕೆಲಸ ಅಲ್ಲ, ನಾವು ಹೆಣ್ಣುಮಕ್ಕಳು ಅಂತ ಅದನ್ನು ಕಡಿಮೆ ಮಾಡಿದರಲ್ಲ, ಅದು. ಕಳಿಸುವುದನ್ನು ನಿಲ್ಲಿಸಬೇಡಿ. ಬರುವವರಿಗೆ ಇಲ್ಲಿ ಏನಿದೆ, ಏನಿಲ್ಲ, ಏನು ಕೇಳಬೇಕು ಅಂತ ಹೇಳಿ ಕಳಿಸಿ.

ನಮ್ಮ ಸುದ್ದಿ. ಲೇಬರ್ ಆಫೀಸಿನಿಂದ ಬಂದು ನೋಡಿ ಹೋದರು. ಅದಾದ ಮೇಲೆ ರಟ್ಟಿನ ಡಬ್ಬ ತುಂಬಿದ್ದ ಒಂದು ಕೋಣೆ ಖಾಲಿ ಮಾಡಿ, ಪರದೆ ಕಟ್ಟಿ, ತಾಯಂದಿರ ಕೋಣೆ ಅಂತ ಬೋರ್ಡು ಹಾಕಿದ್ದಾರೆ. ಅದರ ಫೋಟೋ ತೆಗೆದು ಕಂಪನಿಯ ಫೇಸ್‌ಬುಕ್ಕಿನಲ್ಲಿ ಹಾಕಿಕೊಂಡರು. ಚನ್ನಕ್ಕನನ್ನು ವಾಪಸು ತಗೊಂಡರು. ಕೃಷ್ಣಮ್ಮ ದಿನಾ ಎರಡು ಸಲ ಕೂಸನ್ನು ತರುತ್ತಾಳೆ, ಸೆಕ್ಯುರಿಟಿಯವನೇ ಬಾಗಿಲು ತೆಗೆಯುತ್ತಾನೆ. ಇನ್ನೂ ಇಬ್ಬರು ತಮಗೂ ಸಣ್ಣ ಮಕ್ಕಳಿದ್ದಾವೆ ಅಂತ ಈಗ ಬಾಯಿ ಬಿಟ್ಟರು. ಒಬ್ಬಳ ಪಕ್ಕ ನಾನು ದಿನವಿಡೀ ನಿಲ್ಲುತ್ತಿದ್ದೆ, ನನಗೇ ಗೊತ್ತಿರಲಿಲ್ಲ.

ಬ್ಯಾಡ್ಜ್ ಬದಲಾಗಿಲ್ಲ, ಸ್ಟೂಲು ಬಂದಿಲ್ಲ.

ನನ್ನನ್ನು ತೆಗೆದರು. ಕಂಟ್ರಾಕ್ಟ್ ಮುಗಿಯಿತು ಅಂತ ಪಂಚಾಕ್ಷರಿ ಹೇಳಿದ. ಎಚ್‌ಆರ್ ಆಫೀಸಿಗೆ ಹೋದರೆ ಹರ್ಷವರ್ಧನ್ ಸರ್, ನೀನು ತುಂಬಾ ಒಳ್ಳೆ ಕೆಲಸಗಾರ್ತಿ, ನಮ್ಮ ಕೈಯಲ್ಲಿ ಏನೂ ಇಲ್ಲ ಅಂದರು. ಅಮರಪ್ಪಣ್ಣ ಪೀಣ್ಯದಲ್ಲಿ ಸೇರಿಕೊಂಡಿದ್ದಾನೆ, ಅಲ್ಲಿಗೆ ಬಾ ಅಂತ ಫೋನ್ ಮಾಡಿದ್ದ. ಹೋಗುವುದಿಲ್ಲ ಅಂದೆ. ವನಜಾ ಮೇಡಂ ಕೇಸು ಹಾಕಿದ್ದಾರೆ. ಹೆಸರು ತೆಗೆದರೂ ಬೆಳಿಗ್ಗೆ ಹೋಗಿ ಗೇಟಿನ ಹತ್ತಿರ ನಿಲ್ಲುತ್ತೇನೆ. ಲೈನಿನವರು ಒಳಗೆ ಹೋಗುವಾಗ ಒಬ್ಬೊಬ್ಬಳೂ ನನ್ನ ಕೈ ಮುಟ್ಟಿ ಹೋಗುತ್ತಾಳೆ. ಅವ್ವನಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಮಹಾನಂದಾ


ತಾವರಗೇರಿ
19 ಮೇ 2024

ಮಹಾನಂದಾ,

ನಿನ್ನ ಅವ್ವನಿಗೆ ಹೇಳಿದೆ. ಮುಚ್ಚಿಡುವುದು ಇನ್ನು ಸಾಕು. ಆಕೆ ಅತ್ತಳು, ಆಮೇಲೆ ಆ ಗುರುರಾಜನ ಮನೆ ಎಲ್ಲಿ ಎಂದು ಕೇಳಿದಳು.

ನೀನು ಬೈದ ಮೇಲೆ ಹುಲಿಗೆಮ್ಮನ ಮನೆಗೆ ಹೋಗಿ ಅವಳ ತಂಗಿಯನ್ನೇ ಕೇಳಿದೆ. ಹುಡುಗಿ ಹಂಡೆ ತಿಕ್ಕುತ್ತಿದ್ದಳು. ತಲೆ ಎತ್ತದೆ, "ಕೇಳ್ತೀರೇನ್ರಿ ಅಕ್ಕೋರೆ? ಹೋಗ್ತೀನ್ರಿ," ಎಂದಳು. ಅಪ್ಪ ಜಗುಲಿಯ ಮೇಲೆ ಕೂತಿದ್ದ. ನಾನು ಅವನ ಕಡೆ ತಿರುಗಲಿಲ್ಲ. ಮಗಳ ಬಾಯಿಂದಲೇ ಕೇಳಿದ ಮೇಲೆ ಮದುವೆಯ ಮಾತು ಅಲ್ಲಿಗೇ ನಿಂತಿತು.

ಅವತ್ತಿನಿಂದ ನನ್ನ ಪಡಸಾಲೆಯಲ್ಲಿ ಮತ್ತೆ ತರಗತಿ ಶುರುವಾಗಿದೆ. ಮೊದಲು ಆಕೆಯೊಬ್ಬಳೇ, ಈಗ ಚಾಪೆ ಸಾಲುವುದಿಲ್ಲ. ವನಜಾ ಅವರು ಕನ್ನಡದಲ್ಲಿ ಕಾನೂನಿನ ಪುಸ್ತಕ ಕಳಿಸಿದ್ದಾರೆ, ಅದೇ ಪಠ್ಯ. ಒಬ್ಬಳು ಪಂಚಾಕ್ಷರಿಯಾಗಿ ಕುರ್ಚಿಯಲ್ಲಿ ಕೂರುತ್ತಾಳೆ, ಉಳಿದವರು ಅವಳನ್ನು ಪ್ರಶ್ನೆ ಕೇಳುತ್ತಾರೆ. ಮೊದಮೊದಲು ನಗುತ್ತಿದ್ದರು. ಈಗ ಕುರ್ಚಿಯಲ್ಲಿ ಕೂರಲು ಯಾರೂ ಒಪ್ಪುವುದಿಲ್ಲ.

ನಿಜವಾದ ಪಂಚಾಕ್ಷರಿ ಹೋದ ವಾರ ಬಂದಿದ್ದ. ನೇಮಕದ ಕಾಗದದಲ್ಲಿ ಯಾವ ಕೆಲಸ ಎಂದು ಬರೆಯುತ್ತೀರಿ, ಬಾಣಂತಿಗೆ ಬಿಡುವು ಉಂಟೋ ಎಂದು ಹುಡುಗಿಯರು ಕೇಳಿದರು. ಅವನು ನನ್ನನ್ನು ನೋಡಿದ. ಅವರನ್ನು ನೋಡಿ ಮಾತಾಡಪ್ಪ, ಹೋಗುವವರು ಅವರು ಎಂದೆ. ಇಂಥವರು ನಮಗೆ ಬೇಡ ಎಂದು ಗಾಡಿ ಹತ್ತಿದ. ನಿನ್ನೆ ಮತ್ತೆ ಬಂದ. ಬೇರೆ ಊರುಗಳಲ್ಲಿಯೂ ನಿನ್ನ ಸುದ್ದಿ ಹರಡಿ ಬಸ್ಸು ತುಂಬುತ್ತಿಲ್ಲವಂತೆ. ಬಿಡುವಿನ ವಿಷಯ ಬರೆದುಕೊಟ್ಟಿದ್ದಾನೆ. ಟೆಕ್ನಿಷಿಯನ್ ಎಂದು ಬರೆಯಲು ಒಪ್ಪಲಿಲ್ಲ. ಆದರೂ ಹೋಗುತ್ತೇವೆ, ಉಳಿದದ್ದನ್ನು ಅಲ್ಲೇ ಕೇಳುತ್ತೇವೆ ಎಂದು ಹುಡುಗಿಯರೇ ತೀರ್ಮಾನ ಮಾಡಿದರು.

ಮುಂದಿನ ಸೋಮವಾರ, 27ನೇ ತಾರೀಖು, ಬಸ್ಸು. ನಾನೂ ಬರುತ್ತಿದ್ದೇನೆ. ಕಣ್ಣಾರೆ ನೋಡದ ಜಾಗಕ್ಕೆ ಮಕ್ಕಳನ್ನು ಕಳಿಸಿದೆ, ಕಣ್ಣಾರೆ ನೋಡದೆಯೇ ತಡೆದೆ. ಕೆಲಸಕ್ಕೆ ಬರುವವರಿಗೆ ಮಾತ್ರ ಸೀಟು ಎಂದು ಪಂಚಾಕ್ಷರಿ ತಕರಾರು ತೆಗೆದ. ಹಿಂದಿನ ಸೀಟಿನಲ್ಲಿ ಹುಲಿಗೆಮ್ಮನ ತಂಗಿ ನನಗೆ ಜಾಗ ಹಿಡಿದಿದ್ದಾಳೆ, ಅವಳ ಹತ್ತಿರ ಅವನ ಆಟ ನಡೆಯುವುದಿಲ್ಲ.

ಮಂಗಳವಾರ ಬೆಳಿಗ್ಗೆ ನೀನು ಗೇಟಿನ ಹತ್ತಿರ ನಿಂತಿರುತ್ತೀಯಲ್ಲ, ಪಕ್ಕದಲ್ಲಿ ಸ್ವಲ್ಪ ಜಾಗ ಬಿಡು. ಒಳಗೆ ಹೋಗುವವರು ಹೋಗಲಿ, ನಾವಿಬ್ಬರೂ ಹೊರಗೆ ನಿಂತಿರೋಣ.

ದೇವಕ್ಕ